ಅರಿವಿಲ್ಲ ಎಂಬ ಸುಲಭದ ಉತ್ತರ

ಭಾರತದಲ್ಲಿ ಗರ್ಭಕಂಠದ ಕ್ಯಾನ್ಸರ್ ವರ್ಷಕ್ಕೆ ಹತ್ತಿರ ಹತ್ತಿರ 80 ಸಾವಿರ ಮಹಿಳೆಯರನ್ನು ಬಲಿ ತೆಗೆದುಕೊಳ್ಳುತ್ತಿದೆ. ಲಸಿಕೆಯಿಂದ ಬಹುಪಾಲು ತಡೆಯಬಹುದಾದ, ಬೇಗ ಪತ್ತೆಯಾದರೆ ವಾಸಿಯಾಗುವ ಕಾಯಿಲೆಯಿದು. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5ರ (2019–21) ಪ್ರಕಾರ, 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ಶೇ 1.9ರಷ್ಟು ಮಾತ್ರ. ಕಾರಣ ಕೇಳಿದರೆ ಥಟ್ಟನೆ ಬರುವ ಉತ್ತರ: ‘ಹೆಣ್ಣುಮಕ್ಕಳಲ್ಲಿ ಅರಿವಿಲ್ಲ’.

ಇದನ್ನು ಪೂರ್ತಿ ಒಪ್ಪುವುದು ಕಷ್ಟ. ಅದೇ ಸಮೀಕ್ಷೆಯಲ್ಲಿ ತಮಿಳುನಾಡಿನ ಪ್ರಮಾಣ ಶೇ 9.8. ಗಡಿ ದಾಟಿದ ಕೂಡಲೇ ಅರಿವು ಐದು ಪಟ್ಟಾಗುತ್ತದೆಯೇ? ತೇಣಿ, ತಂಜಾವೂರು ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಶುರುಮಾಡಿದ ತಪಾಸಣೆಯನ್ನು ಆ ಸರ್ಕಾರ ರಾಜ್ಯದುದ್ದಕ್ಕೂ ವಿಸ್ತರಿಸಿತು, ಅಷ್ಟೇ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಶುಗರ್ ನೋಡಿಸಲು ಹೆಂಗಸರು ಸಾಲುಗಟ್ಟಿ ನಿಲ್ಲುತ್ತಾರೆ. ಅದಕ್ಕೆ ಕೈ ಚಾಚಿದರೆ ಸಾಕು. ಗರ್ಭಕಂಠದ ತಪಾಸಣೆಗೆ ಸೀರೆ ಮೇಲೆತ್ತಿ ಟೇಬಲ್ ಮೇಲೆ ಮಲಗಬೇಕು. ಬಾಗಿಲಿಗೆ ಚಿಲಕವಿರಬೇಕು, ನೋಡುವವರು ಹೆಂಗಸೇ ಆಗಿರಬೇಕು, ಅವರು ನಾಳೆ ಊರಲ್ಲಿ ಬಾಯಿಬಿಡಬಾರದು. ಬಿಳಿಸೆರಗು, ಕಿಬ್ಬೊಟ್ಟೆ ನೋವು ಎಂದಾದರೆ ಮನೆಯಲ್ಲಿ ಹೇಳಿ ಹೊರಡಬಹುದು. ಏನೂ ತೊಂದರೆ ಇಲ್ಲದಾಗ ಕೂಲಿ ಬಿಟ್ಟು, ಗಂಡನಿಗೋ ಅತ್ತೆಗೋ ಸಬೂಬು ಹೇಳಿ ಬರುವುದು ಹೇಗೆ?

ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ದೀರ್ಘ ಅಧ್ಯಯನ ಒಂದು ದಾರಿ ತೋರಿಸಿತ್ತು. ಹತ್ತನೇ ತರಗತಿ ಓದಿದ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ದುರ್ಬಲ ಅಸಿಟಿಕ್ ಆಮ್ಲ (ವಿನೆಗರ್‌ನಲ್ಲಿರುವುದೂ ಅದೇ) ಸವರಿ, ಬಿಳಿ ಕಲೆ ಮೂಡುತ್ತದೆಯೇ ಎಂದು ನೋಡುವ ಅಗ್ಗದ ಪರೀಕ್ಷೆ ಮಾಡಿಸಲಾಯಿತು. ಈ ಕ್ಯಾನ್ಸರ್‌ನ ಸಾವು ಶೇ 31ರಷ್ಟು ತಗ್ಗಿತು. ಈ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್ ಪತ್ತೆಗೆ, ಮಹಿಳೆ ತಾನೇ ಮಾದರಿ ತೆಗೆದುಕೊಡಬಹುದಾದ ಪರೀಕ್ಷೆಯೂ ಈಗಿದೆ. ಸಂಕೋಚದ ಅರ್ಧ ಭಾರ ಅದರಲ್ಲೇ ಇಳಿಯುತ್ತದೆ.

ಲಸಿಕೆಯ ಕಥೆ ಬೇರೆ. ಅಲ್ಲಿ ನಿರ್ಧಾರ ತಂದೆತಾಯಿಯದು, ಪ್ರಶ್ನೆ ನಂಬಿಕೆಯದು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಎಚ್‌ಪಿವಿ ಲಸಿಕೆಯ ಪ್ರಾಯೋಗಿಕ ಯೋಜನೆ ನಡೆದಾಗ ಏಳು ಬಾಲಕಿಯರು ಮೃತಪಟ್ಟರು. ಲಸಿಕೆಗೂ ಸಾವಿಗೂ ನಂಟು ಕಂಡುಬರಲಿಲ್ಲ. ಆದರೆ ಅನೇಕ ಒಪ್ಪಿಗೆ ಪತ್ರಗಳಿಗೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದು ಬಯಲಾಯಿತು. ಅಪನಂಬಿಕೆಯನ್ನು ಬಿತ್ತಿದ್ದು ಈ ಉಡಾಫೆ. ವಾಟ್ಸ್‌ಆ್ಯಪ್ ವದಂತಿಯನ್ನಷ್ಟೇ ದೂರುವವರು ಇದನ್ನು ಮರೆಯುತ್ತಾರೆ. ಇನ್ನು ‘ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್’ ಎಂದೇ ಮಾತು ಶುರುಮಾಡಿದರೆ ‘ನಮ್ಮ ಮಗಳಿಗೆ ಅದೆಲ್ಲ ಯಾಕೆ?’ ಎಂದು ತಾಯಿ ಕೇಳುತ್ತಾಳೆ. ಸಿಕ್ಕಿಂ 2018ರಲ್ಲಿ ಶಾಲೆಗಳ ಮೂಲಕವೇ, ಪೋಷಕರೊಡನೆ ಮೊದಲೇ ಮಾತನಾಡಿ, ಉಚಿತವಾಗಿ ಲಸಿಕೆ ಕೊಟ್ಟಿತು. ಅರ್ಹ ಬಾಲಕಿಯರಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಪಡೆದರು.

ಮತ್ತೆ ತಪಾಸಣೆಗೆ ಬರೋಣ. ಅಲ್ಲಿ ಕಲೆ ಕಂಡರೆ ಮುಂದೇನು? ‘ಜಿಲ್ಲಾಸ್ಪತ್ರೆಗೆ ಹೋಗಿ’ ಎನ್ನುತ್ತಾರೆ. ಇನ್ನೊಂದು ದಿನದ ಕೂಲಿ ಹೋಯಿತು. ಜೊತೆಗೆ ಬರುವವರು ಸಿಗಲಿಲ್ಲವೆಂದರೆ ಅಲ್ಲಿಗೇ ಮುಗಿಯಿತು. ಕ್ಯಾನ್ಸರ್‌ಗೆ ತಿರುಗುವ ಮುನ್ನವೇ ಆ ಭಾಗವನ್ನು ಶಾಖದಿಂದ ಸುಡುವ ಚಿಕಿತ್ಸೆಯನ್ನು ತಪಾಸಣೆಯ ದಿನವೇ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಅದರ ಉಪಕರಣ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬ್ಯಾಟರಿಯಲ್ಲೂ ನಡೆಯುತ್ತದೆ. ಅದು ತಾಲ್ಲೂಕು ಆಸ್ಪತ್ರೆಯಲ್ಲಿದ್ದರೆ ಬಹಳಷ್ಟು ಹೆಂಗಸರು ಎರಡನೇ ಸಲ ಬಸ್ ಹತ್ತಬೇಕಾಗುವುದಿಲ್ಲ.