ಅದು ಬರೀ ಕೊಳವೆಯಲ್ಲ

ಜೀವಕೋಶಗಳ ನಡುವಿನ ಗ್ಯಾಪ್ ಜಂಕ್ಷನ್‌ಗಳು ಬರೀ ಕೊಳವೆಗಳು, ಯಾವ ಕನೆಕ್ಸಿನ್ ಪ್ರೋಟೀನಿನಿಂದ ಆದರೂ ಕೆಲಸ ಒಂದೇ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಇದನ್ನು ಒಪ್ಪಲು ಸಾಧ್ಯವೇ ಇಲ್ಲ.

ಒಂದೊಂದು ಕೋಶವೂ ಆರು ಕನೆಕ್ಸಿನ್‌ಗಳ ಅರ್ಧನಾಳ ಕಟ್ಟುತ್ತದೆ. ಆ ಆರರಲ್ಲಿ ಎರಡು ಬಗೆ ಬೆರೆತರೆ ಏನು ದಾಟಬಹುದು ಎಂಬುದೇ ಬದಲಾಗುತ್ತದೆ. ಕನೆಕ್ಸಿನ್ 32 ಮಾತ್ರವಿರುವ ನಾಳ ಸೈಕ್ಲಿಕ್ ಎಎಂಪಿ, ಸೈಕ್ಲಿಕ್ ಜಿಎಂಪಿ ಎಂಬ ಸಂದೇಶದ ಅಣುಗಳೆರಡನ್ನೂ ಬಿಡುತ್ತದೆ. ಕನೆಕ್ಸಿನ್ 26 ಬೆರೆತಾಗ ಮೊದಲನೆಯದಕ್ಕೆ ಹೆಚ್ಚು ತಡೆ.

ಇಲಿಯ ಕಣ್ಣಿನ ಮಸೂರದಲ್ಲಿ ಕನೆಕ್ಸಿನ್ 46 ಮತ್ತು 50 ಕೂಡಿ ಕೆಲಸ ಮಾಡುತ್ತವೆ. 50 ಇಲ್ಲದಿದ್ದರೆ ಪೊರೆ ಬರುತ್ತದೆ, ಮಸೂರವೂ ಚಿಕ್ಕದಾಗಿಯೇ ಉಳಿಯುತ್ತದೆ. ಸಂಶೋಧಕ ಥಾಮಸ್ ವೈಟ್ 50ರ ಜೀನಿನ ಜಾಗದಲ್ಲಿ 46ರದನ್ನು ಕೂರಿಸಿ, 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಮಸೂರ ತಿಳಿಯಾಯಿತು, ಬೆಳವಣಿಗೆ ಮಾತ್ರ ಸರಿಹೋಗಲಿಲ್ಲ. ಎಲ್ಲವೂ ಒಂದೇ ಆಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಲೇಖಕರು ಉತ್ತರಿಸಲಿ.

ಅಯಾನು ಹರಿದರೆ ಸಾಕು ಎಂಬ ಅವರ ಇನ್ನೊಂದು ಮಾತು ಇದಕ್ಕಿಂತ ಅಪಾಯಕಾರಿ. ನಮ್ಮ ಒಳಗಿವಿಯಲ್ಲಿ ಕನೆಕ್ಸಿನ್ 26 ಮತ್ತು 30 ಬೆರೆತು ನಾಳವಾಗುತ್ತವೆ. ಕಿವುಡುತನಕ್ಕೆ ಕಾರಣವಾಗುವ 26ರ ವಿ84ಎಲ್ ರೂಪಾಂತರದಲ್ಲಿ ಅಯಾನುಗಳು ಸರಾಗವಾಗಿಯೇ ಹರಿಯುತ್ತವೆ. ದಾಟಲಾಗದೆ ಸೋಲುವುದು ಐಪಿ3 ಎಂಬ ಸಂದೇಶದ ಅಣು.