ಹಳೆಯ ಕಾರು: ಷೋರೂಮಿಗೆ ಒಪ್ಪಿಸುವುದೋ, ನೇರವಾಗಿ ಮಾರುವುದೋ?



ಕೆಂಗೇರಿ, ತಾವರೆಕೆರೆ, ಮಾಗಡಿ ಕಡೆಯ ಅನೇಕ ಒಕ್ಕಲು ಮನೆಗಳ ಮುಂದೆ ಇಂದು ಹಳೆಯ ಕಾರೊಂದು ನಿಂತಿರುತ್ತದೆ. ಹೊಸದನ್ನು ಕೊಳ್ಳಲು ಹೊರಟಾಗ ಅದನ್ನು ಷೋರೂಮಿಗೇ ಒಪ್ಪಿಸಿ ವ್ಯತ್ಯಾಸದ ಹಣ ಕಟ್ಟುವುದೋ, ಪರಿಚಯದವರಿಗೆ ಮಾರುವುದೋ ಎಂದು ಮನೆಯಲ್ಲಿ ಚರ್ಚೆಯಾಗುತ್ತದೆ. ಚರ್ಚೆಯೆಲ್ಲ ಬೆಲೆಯ ಸುತ್ತಲೇ. ನೋಂದಣಿ ಪತ್ರದಿಂದ ನಮ್ಮ ಹೆಸರು ಎಂದು ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದುದು ಇದನ್ನೇ.

ಒಂದು ಮೊಕದ್ದಮೆಯನ್ನು ಗಮನಿಸಿ. 2007ರಲ್ಲಿ ಒಬ್ಬರು ತಮ್ಮ ಕಾರನ್ನು ಮಾರಿದರು. ಅದು ಕೈಯಿಂದ ಕೈಗೆ ಹೋಯಿತು. ನೋಂದಣಿ ಮಾತ್ರ ಬದಲಾಗಲಿಲ್ಲ. 2009ರಲ್ಲಿ ಅದು ಅಪಘಾತ ಮಾಡಿತು. ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವ ಮೊದಲಿನ ಮಾಲೀಕರದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಕಾರು ಕಣ್ಮರೆಯಾಗಿ ಎರಡು ವರ್ಷವಾಗಿದ್ದರೂ ಹೊಣೆ ಹೋಗಿರಲಿಲ್ಲ. ಹೊಲ, ಮನೆ ಇರುವವನಿಗೆ ಇಂತಹ ಹೊಣೆ ಎಷ್ಟು ಭಾರವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪರಿಚಯದವರಿಗೆ ಮಾರಿದರೆ ಸಾಮಾನ್ಯವಾಗಿ ನಾಲ್ಕು ಕಾಸು ಹೆಚ್ಚು ಸಿಗುತ್ತದೆ. ನಿಮ್ಮ ಕಾರನ್ನು ನೀವು ಹೇಗೆ ನೋಡಿಕೊಂಡಿದ್ದೀರಿ ಎಂಬುದನ್ನು ಅವರು ಬಲ್ಲರು. ಆದರೆ ಕೊಳ್ಳುವವರು ನಮೂನೆ 29 ಮತ್ತು 30ಕ್ಕೆ ಸಹಿ ಹಾಕಲು ಸಿದ್ಧರಿರಬೇಕು. ಕೆಎ-02ರ ರಾಜಾಜಿನಗರವಾಗಲಿ, ಕೆಎ-41ರ ಜ್ಞಾನಭಾರತಿಯಾಗಲಿ, ಸಾರಿಗೆ ಕಚೇರಿಗೆ ಮಾರಾಟದ ವರದಿಯನ್ನು ನೀವು 14 ದಿನಗಳೊಳಗೆ ಸಲ್ಲಿಸತಕ್ಕದ್ದು. ಸಾಲದ ಮೇಲೆ ಕೊಂಡ ಕಾರಾದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಮೊದಲೇ ಕೈಯಲ್ಲಿರಲಿ. ಹೊಸೂರಿನವರು ಕೊಂಡರೆ ಬೇರೆ ರಾಜ್ಯವಾದುದರಿಂದ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. "ಆಮೇಲೆ ಮಾಡಿಸಿಕೊಳ್ಳುತ್ತೇನಣ್ಣ" ಎನ್ನುವವನು ತಂಗಿಯ ಮಗನೇ ಆಗಿದ್ದರೂ ಬೀಗದ ಕೈ ಕೊಡಬೇಡಿ.

ಷೋರೂಮಿನಲ್ಲಿ ಓಡಾಟ ಕಡಿಮೆ, ಲೆಕ್ಕ ಮಾತ್ರ ಮಬ್ಬು. ಘಾಟಿ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕಟ್ಟುವಂತೆ ಇಲ್ಲಿಯೂ ಎರಡು ಬೆಲೆಗಳನ್ನು ಒಂದರಲ್ಲೊಂದು ಅಡಗಿಸುತ್ತಾರೆ. ಹಳೆಯದಕ್ಕೆ ಇಪ್ಪತ್ತು ಸಾವಿರ ಏರಿಸಿ ಹೊಸದರ ರಿಯಾಯಿತಿಯಲ್ಲಿ ಅಷ್ಟನ್ನೇ ಇಳಿಸಿದರೆ ನಿಮಗೇನು ಲಾಭ? ಆದುದರಿಂದ ಹಳೆಯ ಕಾರಿನ ಮಾತೆತ್ತದೆ ಹೊಸದರ ಕೊನೆಯ ಬೆಲೆಯನ್ನು ಮೊದಲು ಬರೆಸಿಕೊಳ್ಳಿ. ಹಳೆಯದನ್ನು ಕೊಟ್ಟರೆ ಹೊಸದರ ತೆರಿಗೆ ಕಡಿಮೆಯಾಗುತ್ತದೆಂದು ಕೆಲವರು ನಂಬಿದ್ದಾರೆ, ಹಾಗಿಲ್ಲ.

2023ರ ಏಪ್ರಿಲ್‌ನಿಂದ ಹಳೆಯ ವಾಹನಗಳ ವ್ಯಾಪಾರಿಗಳಿಗೆ ಅಧಿಕಾರ ಪತ್ರದ ವ್ಯವಸ್ಥೆ ಬಂದಿದೆ. ಅಂತಹ ವ್ಯಾಪಾರಿಯೊಡನೆ ನಮೂನೆ 29ಸಿ ದಾಖಲಿಸಿದರೆ ಮುಂದಿನ ಹೊಣೆ ಅವನದು. ಅಧಿಕಾರ ಪತ್ರ ತೋರಿಸದ ಬ್ರೋಕರು ಎಷ್ಟು ಕೊಡುತ್ತೇನೆಂದರೂ ನಾನಂತೂ ಕೊಡೆನು. ಇವನಿಗಿಂತ ಕಡಿಮೆ ಕೊಟ್ಟು 29ಸಿ ಮಾಡಿಸುವ ಷೋರೂಮೇ ಮೇಲು.

ಕಾರಿಗೆ 15 ವರ್ಷ ತುಂಬುವ ಮುನ್ನವೇ ಈ ನಿರ್ಧಾರ ಮಾಡಿ. ಆಮೇಲೆ ನೋಂದಣಿ ನವೀಕರಿಸಬೇಕು. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. ಇನ್ನೊಂದು ಮಾತು: ವಿಮೆಯಲ್ಲಿ ಕ್ಲೇಮು ಮಾಡದೆ ಗಳಿಸಿದ ರಿಯಾಯಿತಿ ನಿಮ್ಮದು, ಕಾರಿನದಲ್ಲ. ಮಾರಿದ ಕೂಡಲೆ ವಿಮಾ ಕಂಪನಿಯಿಂದ ಅದರ ಪತ್ರ ಪಡೆದು ಹೊಸ ಕಾರಿನ ವಿಮೆಗೆ ಹಚ್ಚಿಕೊಳ್ಳಿ.