ದುಡಿಮೆಯ ಬೈಸಿಕಲ್ಲು

ದಿನವೂ ಕೆಲಸಕ್ಕೆ ಹೋಗಿಬರುವವನಿಗೆ ಬೈಸಿಕಲ್ಲು ಆಟದ ವಸ್ತುವಲ್ಲ. ರೈತನಿಗೆ ನೇಗಿಲಿದ್ದಂತೆ, ದರ್ಜಿಗೆ ಹೊಲಿಗೆಯಂತ್ರವಿದ್ದಂತೆ ಅದು ದುಡಿಮೆಯ ಸಾಧನ. ಆದುದರಿಂದ ಅದನ್ನು ಆರಿಸುವಾಗ ಕಣ್ಣಿನ ಮಾತಿಗಿಂತ ವಿವೇಕದ ಮಾತನ್ನು ಕೇಳಬೇಕೆಂಬುದು ನನ್ನ ಅಭಿಪ್ರಾಯ.

1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ನಿರ್ಮಿಸಿದ ಎರಡು ಚಕ್ರದ ಗಾಡಿಗೆ ಪೆಡಲುಗಳೇ ಇರಲಿಲ್ಲ. ಸವಾರನು ನೆಲವನ್ನು ಒದ್ದು ಸಾಗಬೇಕಾಗಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹಿಂಚಕ್ರಕ್ಕೆ ಚೈನು ಜೋಡಿಸಿದ ‘ರೋವರ್’ ಬೈಸಿಕಲ್ಲನ್ನು ರೂಪಿಸಿದನು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರನ್ನು ತಂದನು. ಇಂದಿನ ಬೈಸಿಕಲ್ಲಿನ ಮೂಲರೂಪವೂ ಇದೇ. ಹೀಗೆ ಬೈಸಿಕಲ್ಲು ಬೆಳೆದುದು ಸವಾರನ ಶ್ರಮವನ್ನು ಕಡಿಮೆ ಮಾಡಲೆಂದು, ನೋಡುವವರನ್ನು ಮೆಚ್ಚಿಸಲೆಂದಲ್ಲ.

ಮೊದಲು ವಿಚಾರಿಸಬೇಕಾದುದು ದಾರಿಯನ್ನು. ನಮ್ಮ ಸಾತನೂರು ಕನಕಪುರ ತಾಲ್ಲೂಕಿನ ಹೋಬಳಿ ಕೇಂದ್ರ. ಬೆಂಗಳೂರು–ಕೊಯಮತ್ತೂರು ಹೆದ್ದಾರಿ ಊರನ್ನು ಹಾದುಹೋಗುತ್ತದೆ; ಚನ್ನಪಟ್ಟಣದ ರಸ್ತೆ ಇಲ್ಲಿ ಅದನ್ನು ಕೂಡುತ್ತದೆ. ಸುತ್ತಲ ಹಳ್ಳಿಗಳ ದಾರಿಗಳಲ್ಲಿ ಏರಿಳಿತವೂ ಕಲ್ಲುಮಣ್ಣೂ ಉಂಟು. ಪಂದ್ಯದ ಬೈಸಿಕಲ್ಲಿನ ತೆಳುವಾದ ಟೈರು ಇಲ್ಲಿ ತಾಳದು. 44 ಹಲ್ಲಿನ ಮುಂಚಕ್ರವೂ 18 ಹಲ್ಲಿನ ಫ್ರೀವೀಲೂ ಇರುವ ಸಾದಾ ಬೈಸಿಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರು ಸಾಗುತ್ತದೆ. ಸಮತಟ್ಟಾದ ದಾರಿಗೆ ಇದು ಸಾಕು. ದಿನವೂ ಏರು ಹತ್ತಬೇಕಾದವನಿಗೆ ಗೇರುಗಳು ನೆರವಾಗುತ್ತವೆ. ಆದರೆ ಅವನ್ನು ದುರಸ್ತಿ ಮಾಡಬಲ್ಲ ಅಂಗಡಿ ಹತ್ತಿರದಲ್ಲಿರಬೇಕು.

ಎರಡನೆಯದು ದೇಹದ ಅಳತೆ. ಸೀಟಿನ ಮೇಲೆ ಕುಳಿತು ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿಯಿಟ್ಟಾಗ ಕಾಲು ನೇರವಾಗಬೇಕು. ಸೀಟು ತೀರ ತಗ್ಗಾಗಿದ್ದರೆ ಮಂಡಿಗೆ ನೋವು. ತೀರ ಎತ್ತರವಾಗಿದ್ದರೆ ನಿಲ್ಲುವಾಗ ಆಯ ತಪ್ಪುವುದು.

ಮೂರನೆಯದು ಸಜ್ಜು. ಇಂದು ಮಿರುಗುವ ಬಣ್ಣದ ಎಷ್ಟೋ ಬೈಸಿಕಲ್ಲುಗಳಿಗೆ ಮಡ್‌ಗಾರ್ಡಿಲ್ಲ, ಕ್ಯಾರಿಯರಿಲ್ಲ, ದೀಪವೂ ಇಲ್ಲ. ಬುತ್ತಿಯನ್ನು ಎಲ್ಲಿಡುವುದು? ಮಳೆಗಾಲದಲ್ಲಿ ಬೆನ್ನಿಗೆ ಸಿಡಿಯುವ ಕೆಸರನ್ನು ತಡೆಯುವವರಾರು? ಇವೆಲ್ಲಕ್ಕಿಂತ ಮುಖ್ಯವಾದುದು ಬೆಳಕು. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಮನೆಗೆ ಮರಳುವವನನ್ನು ಹಿಂದಿನಿಂದ ಬರುವ ಲಾರಿಯ ಚಾಲಕನು ದೂರದಿಂದಲೇ ಕಾಣಬೇಕು. ಹಳೆಯ ಡೈನಮೊ ದೀಪ ಚಕ್ರ ನಿಂತೊಡನೆ ಆರುತ್ತಿತ್ತು. ಬ್ಯಾಟರಿಯ ಕೆಂಪು ದೀಪ ನಿಂತಾಗಲೂ ಉರಿಯುತ್ತದೆ. ಹಿಂಬದಿಯ ಪ್ರತಿಫಲಕವೂ ಬೇಕು. ಆದರೆ ಅದು ತಾನಾಗಿ ಬೆಳಗುವುದಿಲ್ಲ, ಬೆಳಕು ಬಿದ್ದಾಗ ಮಾತ್ರ ಹೊಳೆಯುತ್ತದೆ. ಎರಡೂ ಬ್ರೇಕುಗಳು ಬಿಗಿಯಾಗಿರಬೇಕು, ಬೆಲ್ಲು ಸ್ಪಷ್ಟವಾಗಿ ಕೇಳಿಸಬೇಕು. ಬಣ್ಣಕ್ಕೆ ಕೊಡುವ ಹಣವನ್ನು ಇವಕ್ಕೆ ಕೊಟ್ಟರೆ ಅದು ಪ್ರಾಣಕ್ಕೆ ಕಟ್ಟಿದ ಕಾವಲು.

“ಬೈಸಿಕಲ್ಲು ಬಡವನ ವಾಹನ; ಸಾಲ ಮಾಡಿಯಾದರೂ ಮೋಟಾರ್‌ ಸೈಕಲ್ ಕೊಳ್ಳಬೇಕು” ಎನ್ನುವವರುಂಟು. ದೂರದ ಊರಿಗೆ ಹೋಗುವವರಿಗೂ ಭಾರ ಹೊರುವವರಿಗೂ ಅದು ಅಗತ್ಯವೆಂಬುದನ್ನು ನಾನು ಅಲ್ಲಗಳೆಯೆನು. ಆದರೆ ನಾಲ್ಕೈದು ಕಿಲೋಮೀಟರಿನ ದಾರಿಗಾಗಿ ತಿಂಗಳ ಸಂಬಳವನ್ನು ಕಂತಿಗೂ ಪೆಟ್ರೋಲಿಗೂ ಹಂಚುವುದು ಹಾಸಿಗೆಯ ಅಳತೆ ಮರೆತು ಕಾಲು ಚಾಚಿದಂತೆ. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡತೊಡಗಿದುದು ಶಾಲೆಯ ದಾರಿ ಸುಗಮವಾಗಲೆಂದು. ವಿಶ್ವಸಂಸ್ಥೆಯೂ 2018ರಲ್ಲಿ ಜೂನ್ 3ನ್ನು ವಿಶ್ವ ಬೈಸಿಕಲ್ ದಿನವೆಂದು ಸಾರಿತು.

ನಾಳೆ ನೀವೂ ದುಡಿಮೆಗೆ ಹೊರಡುವಿರಿ. ದಾರಿಗೂ ದೇಹಕ್ಕೂ ಕೆಲಸಕ್ಕೂ ಒಪ್ಪುವ ಬೈಸಿಕಲ್ಲನ್ನೇರಿ, ದೀಪ ಹಚ್ಚಿಕೊಂಡು, ಸಾಲದ ಹೊರೆಯಿಲ್ಲದೆ ಮನೆಗೆ ಮರಳುವವನು ಯಾರ ಮುಂದೆಯೂ ತಲೆತಗ್ಗಿಸಬೇಕಾಗಿಲ್ಲ.